ದುಂಬಿಯನ್ನು ಒರೆಸಿ ನೋಡುವ ಕುರಿತು

ತೊಗಟೆವಾಸಿ ದುಂಬಿಗಳ ವರ್ಗೀಕರಣ ಕೋಶ
(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ)

ಸಂಖ್ಯೆ: ತೊ.ದುಂ.ವ/ಚಪ್ಪಟೆ/07
ದಿನಾಂಕ: ಬುಧವಾರ, ಮಧ್ಯಾಹ್ನದ ಚಹಾದ ನಂತರ

ವಿಷಯ: ತೊಗಟೆಯಡಿಯ ದುಂಬಿಗಳ ಗುಣಲಕ್ಷಣ ಹಾಗೂ ಒರೆಸುವಿಕೆ.

ಉಲ್ಲೇಖ: 1) ವಾಡಿ ಉಪಕಚೇರಿಯ ಮುಂದಿನ ಬೇವಿನ ಮರ ಕಡಿಯುವ ಆದೇಶ.
2) ಹಮೀದಾಬಿಯವರ ಮೌಖಿಕ ತಕರಾರು.
3) ಒದ್ದೆ ಬಟ್ಟೆ, ಒಂದು.

ಉಲ್ಲೇಖ (1)ರಂತೆ ಸದರಿ ಮರವನ್ನು ಇದೇ ಶುಕ್ರವಾರ ಕಡಿಯಬೇಕಾಗಿರುತ್ತದೆ. ತೊಗಟೆಯಡಿ ಬೂದು ದುಂಬಿಗಳೂ ಬುಡದಲ್ಲಿ ಬೂದು ಪುಡಿಯೂ ಕಂಡಿದ್ದರಿಂದ, ಕ್ಷೇತ್ರ ಸಹಾಯಕ ಸಂಘಪಾಲ ಅವರು "ಮರ ಒಳಗೆಲ್ಲ ಕೊರೆದುಹೋಗಿದೆ" ಎಂದು ವರದಿ ಮಾಡಿದ್ದರು. ಆ ಮರದಡಿ ಇಪ್ಪತ್ತೆರಡು ವರ್ಷಗಳಿಂದ ಚಹಾದಂಗಡಿ ಇಟ್ಟಿರುವ ಹಮೀದಾಬಿಯವರು ಇಂದು ಕಚೇರಿಯೊಳಗೆ ಬಂದು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ಯಾ ಅಲ್ಲಾ! ಸಾಹೇಬ್ರ, ಮೊದಲ ಒರಸಿ ನೋಡ್ರಿ. ವಾಡ್ಯಾಗ ಸಿಮೆಂಟ್ ಫ್ಯಾಕ್ಟರಿ ಧೂಳ ಯಾರನ್ನ ಬಿಟ್ಟದ? ನನ್ನ ಬಿಳಿ ಆಡೂ ಬೂದಿ ಬಣ್ಣದ್ದೇ ಕಾಣ್ತದ. ಗಿಡ ಕಡದ್ರ ನಾ ಎಲ್ಲಿ ಒಲಿ ಹೂಡ್ಲಿ, ನಿಮ್ಮ ಟೇಬಲ್ ಮ್ಯಾಲ?"

ಬಳಿಕ ಅವರು ಮೇಜಿನ ಮೇಲೆ ಮಾದರಿಗೆಂದು ಇಟ್ಟಿದ್ದ ಒಂದು ದುಂಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ದುಂಬಿ ಕೆಂಪಗಿತ್ತು. ಮೈ ಚಪ್ಪಟೆಯಾಗಿತ್ತು, ಕೊರೆಯುವ ಜಾತಿಯದಲ್ಲ. ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ತೊಗಟೆವಾಸಿ ದುಂಬಿಗಳನ್ನು ಹೀಗೆ ವರ್ಗೀಕರಿಸತಕ್ಕದ್ದು.
(ಅ) ಕೊರೆಯುವವು: ದುಂಡು ಮೈ, ಸುರಂಗ ತೋಡುತ್ತವೆ.
(ಆ) ಚಪ್ಪಟೆಯವು: ನೆಲಕ್ಕೆ ಹಾಸುವ ಶಹಾಬಾದ್ ಪರ್ಸಿಗಲ್ಲಿನಷ್ಟು ಸಪಾಟು, ಕೊರೆಯುವುದಿಲ್ಲ, ಸಡಿಲ ತೊಗಟೆಯಡಿ ತೂರಿಕೊಂಡು ಸಣ್ಣ ಹುಳುಗಳನ್ನು ತಿಂದು ಬದುಕುತ್ತವೆ.
(ಇ) ಬಣ್ಣ ನೋಡಿ ಈ ಕಚೇರಿಯೇ ಹೆಸರಿಟ್ಟಿದ್ದ 'ವಾಡಿ ಬೂದು' ಎಂಬ ಹೊಸ ಜಾತಿಯನ್ನು ರದ್ದುಪಡಿಸಲಾಗಿದೆ. ಅದು ತೊಳೆಯದ (ಆ) ಆಗಿರುತ್ತದೆ.

2. ದುಂಬಿಯನ್ನು ತಲೆಯಿಂದ ಬಾಲದ ಕಡೆಗೆ ಒಮ್ಮೆ ಮಾತ್ರ ಒರೆಸತಕ್ಕದ್ದು. ನಂತರ ಮೀಸೆಯ ಹನ್ನೊಂದು ಗೆಣ್ಣುಗಳನ್ನು ಎಣಿಸತಕ್ಕದ್ದು. ದುಂಬಿ ಮಿಸುಕಿದರೆ ಮೊದಲಿನಿಂದ ಎಣಿಸತಕ್ಕದ್ದು. ಮೂರು ಸಲ ಮಿಸುಕಿದರೆ ಲಿಖಿತ ಎಚ್ಚರಿಕೆ ನೀಡತಕ್ಕದ್ದು. ತೆಲಂಗಾಣ ಗಡಿಯ ಕುಂಚಾವರಂ ಕಾಡಿನ ದುಂಬಿಗಳಿಗೆ ಎಚ್ಚರಿಕೆಯನ್ನು ತೆಲುಗಿನಲ್ಲೂ ನೀಡುವುದು.

3. ಪುಡಿಯನ್ನು ನೀರಿಗೆ ಹಾಕಿ ನೋಡತಕ್ಕದ್ದು. ತೇಲಿದರೆ ಮರದ್ದು. ಮುಳುಗಿ ಗಟ್ಟಿಯಾದರೆ ಸಿಮೆಂಟು. ಬೇವಿನ ಬುಡದ ಪುಡಿಯನ್ನು ಕಲಸಿದ ಚಮಚ ಲೋಟದಿಂದ ಹೊರಬರುತ್ತಿಲ್ಲವಾದ್ದರಿಂದ, ಎರಡನ್ನೂ ಕಟ್ಟಡದ ಭಾಗವೆಂದು ಘೋಷಿಸಲಾಗಿದೆ.

4. ಅದೇ ಪುಡಿ ಒಂಬತ್ತು ಜನ ನೌಕರರ ಹೆಗಲ ಮೇಲೂ ಕಂಡುಬಂದಿದೆ. ಹಳೆಯ ಮಾನದಂಡದಂತೆ ಇವರೂ ಒಳಗೆ ಕೊರೆದುಹೋದವರಾಗಿದ್ದು, ಶುಕ್ರವಾರ ಮರದೊಂದಿಗೇ ಕಡಿಯಲ್ಪಡಬೇಕಾಗಿತ್ತು. ಸುದೈವದಿಂದ ಒರೆಸಲಾಗಿ, ಎಲ್ಲರೂ ನೌಕರರೇ ಎಂದು ದೃಢಪಟ್ಟಿದೆ.

5. ತಪ್ಪು ಯಾರದೆಂದು ಕೂಲಂಕಷವಾಗಿ ವಿಚಾರಿಸಲಾಗಿ, ಧೂಳಿನದೆಂದು ತೀರ್ಮಾನಿಸಲಾಗಿದೆ. ಕಾರಣ ಕೇಳಿ ಕೊಟ್ಟ ನೋಟಿಸಿಗೆ ಧೂಳು ಉತ್ತರಿಸಿಲ್ಲ. ನೋಟಿಸಿನ ಮೇಲೆಯೇ ಕುಳಿತಿರುತ್ತದೆ.

6. ಮರ ಗಟ್ಟಿಮುಟ್ಟಾಗಿದೆ. ಕಡಿಯುವ ಆದೇಶವನ್ನು ಹಿಂಪಡೆಯಲಾಗಿದೆ. ಇದರಿಂದ ಈ ಕಚೇರಿಗೆ ಭಾಳ ಸಂತೋಷವಾಗಿದೆ. ('ಭಾಳ' ಎಂಬುದು ಕರಡಿನಲ್ಲಿ ನುಸುಳಿದ್ದು, ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಸಹಿ/-
(ಭಾಗಣ್ಣ)
ವರ್ಗೀಕರಣಾಧಿಕಾರಿ
(ಒರೆಸಿ ದೃಢೀಕರಿಸಲಾಗಿದೆ)

ಪ್ರತಿಗಳು:
1. ಎಲ್ಲ ಶಾಖೆಗಳಿಗೆ, ತಲಾ ಒಂದು ಒದ್ದೆ ಬಟ್ಟೆಯೊಂದಿಗೆ. ಒಣಗಿದಲ್ಲಿ ಮರಳಿ ಒದ್ದೆ ಮಾಡಿಕೊಳ್ಳುವುದು.
2. ಸಂಘಪಾಲ ಅವರಿಗೆ, ಕೊಡಲಿಯನ್ನು ತಂದ ಮನೆಗೇ ಮುಟ್ಟಿಸಲು.
3. ಸದರಿ ದುಂಬಿಗಳಿಗೆ, ತೊಗಟೆಯ ಸಂದಿನಲ್ಲಿ ತೂರಿಸುವುದು. ಪ್ರತಿಯೂ ಸ್ವೀಕರಿಸುವವರೂ ಚಪ್ಪಟೆಯಾಗಿರುವುದರಿಂದ ಲಕೋಟೆ ಬೇಕಿಲ್ಲ.
4. ಬೇವಿನ ಮರಕ್ಕೆ, ಮೊಳೆ ಹೊಡೆಯದೆ, ಹುರಿಯಿಂದ ಕಟ್ಟುವುದು.
5. ಹಮೀದಾಬಿಯವರಿಗೆ, ಓದಿ ಹೇಳುವುದು. ಶುಕ್ರವಾರ ಎಂದಿನಂತೆ ಅದೇ ಮರದಡಿ ಒಲೆ ಹಚ್ಚುವ ಸಲುವಾಗಿ.