ಮೊದಲು ಗೆರೆ, ಆಮೇಲೆ ಚುಕ್ಕಿ

ಭೌತಶಾಸ್ತ್ರದ ಪ್ರಾಕ್ಟಿಕಲ್ ಮಾಡಿ ಪಾಸಾದವರಿಗೆಲ್ಲ ಗೊತ್ತಿರುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ಒಂದು ವಿದ್ಯೆಯಿದೆ. ಗ್ರಾಫ್ ಹಾಳೆಯ ಮೇಲೆ ಮೊದಲು ಚೆಂದದ ಗೆರೆ ಎಳೆಯಬೇಕು. ಆಮೇಲೆ ಅದರ ಅಕ್ಕಪಕ್ಕ, ಅಳೆದು ಬಂದವೆಂಬಂತೆ, ಚುಕ್ಕಿ ಇಡಬೇಕು. ತೆಂಗಿನ ಪೊರಕೆಯ ಕಡ್ಡಿಯೊಂದನ್ನು ಬಗ್ಗಿಸಿ ಹಿಡಿದರೆ ಎಂಥ ವಕ್ರರೇಖೆಯೂ ನಯವಾಗಿ ಬರುತ್ತದೆ. ಈ ವಿದ್ಯೆಯಲ್ಲಿ ನನ್ನದು ಎತ್ತಿದ ಕೈ. ತುಮಕೂರಿನ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲೂ ನಾನು ಕಡ್ಡಿ ಬಿಟ್ಟಿರಲಿಲ್ಲ.

ಬಿಸಿ ಕೊಬ್ಬರಿ ಎಣ್ಣೆ ಹೇಗೆ ತಣ್ಣಗಾಗುತ್ತದೆ ಎಂಬ ನನ್ನ ಎಂ.ಫಿಲ್. ಪ್ರಬಂಧಕ್ಕೂ ಅದೇ ಕಡ್ಡಿ ಹಿಡಿದೆ. ನನ್ನ ಗೈಡು ಕುಣಿಗಲ್ಲಿನಲ್ಲಿದ್ದ ಹಳೆಯ ಮೇಷ್ಟ್ರು, ಬಿಎಸ್ಸಿಯಲ್ಲಿ ನನಗೆ ಪಾಠ ಹೇಳಿದವರು. ಅವರು ಗ್ರಾಫ್ ನೋಡಿ ಕನ್ನಡಕ ತೆಗೆದರು. "ಮನೆಮನೇಲಿ ಕಂಪ್ಯೂಟರ್ ಬರ್ತಿರೋ ಕಾಲದಲ್ಲಿ ಇದೇನಯ್ಯಾ? ಕಂಪ್ಯೂಟರಲ್ಲಿ ಹಾಕ್ಕೊಂಡ್ ಬಾ. ಇಲ್ದಿದ್ರೆ ಸಹಿ ಹಾಕಲ್ಲ." ತಿಂಗಳ ಕೊನೆಯೊಳಗೆ ಸಹಿ ಬೀಳದಿದ್ದರೆ ನನ್ನ ಎಂ.ಫಿಲ್. ನೀರುಪಾಲು. ನನಗೂ ಹಟ ಬಂತು. ಆರಿಸಿದರೆ ಊರಿಗೇ ಒಳ್ಳೆಯ ಸಾಫ್ಟ್‌ವೇರನ್ನೇ ಆರಿಸುತ್ತೇನೆ ಎಂದು ಕಂಪ್ಯೂಟರ್ ಅಂಗಡಿಯ ಷಫಿಯ ಮುಂದೆ ಹೋಗಿ ಕೂತೆ.

"ಗೆರೆ ಮೊದ್ಲು ಎಳೆದು ಚುಕ್ಕಿ ಆಮೇಲೆ ಇಡೋ ಅಂಥದ್ದು ಕೊಡಪ್ಪ" ಎಂದೆ.

ಷಫಿ ನನ್ನನ್ನೇ ನೋಡಿದ. "ಸಾರ್, ಎಲ್ಲಾ ಸಾಫ್ಟ್‌ವೇರೂ ಮೊದ್ಲು ಚುಕ್ಕಿ ಕೇಳ್ತವೆ. ನೀವು ಹೇಳೋದು, ಮದುವೆ ಊಟ ಮುಗಿಸ್ಕೊಂಡು ಹೆಣ್ಣು ನೋಡೋಕೆ ಹೋದಂಗಾಯ್ತು."

ಬಿಡಲಿಲ್ಲ. ನನ್ನ ಗೆರೆಯಿಂದಲೇ ಅಂಕಿ ಓದಿಕೊಂಡು ಒಂದೊಂದಾಗಿ ಪರೀಕ್ಷಿಸಿದೆ. ಮೊದಲನೆಯದು ಗ್ರಾಫಿನ ನಡುಮಧ್ಯೆ ತನ್ನ ಕಂಪನಿಯ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿತು. ದುಡ್ಡು ಕೊಟ್ಟರೆ ಮಾತ್ರ ಅಳಿಸುತ್ತದಂತೆ. ಎರಡನೆಯದು ಎಲ್ಲ ಚುಕ್ಕಿಗಳನ್ನೂ ಮುಟ್ಟಿತೇನೋ ಸರಿ, ಕೊನೆಯ ಚುಕ್ಕಿ ದಾಟಿದ ಮೇಲೆ ಮೇಲಕ್ಕೆ ತಿರುಗಿ, ತಣ್ಣಗಾದ ಎಣ್ಣೆಯನ್ನು ಒಲೆಯಿಲ್ಲದೆ ಮತ್ತೆ ಕಾಯಿಸಿತು. ಮೂರನೆಯದು ಸಭ್ಯಸ್ಥ. ಸೂತ್ರ ನೀವೇ ಆರಿಸಿ ಎಂದಿತು, ಆರಿಸಿದೆ. ಗೆರೆ ಎಳೆದು, ಅಂಕಿಗಳಿಗೂ ಸೂತ್ರಕ್ಕೂ ಇರುವ ವ್ಯತ್ಯಾಸ ಸೊನ್ನೆ ಎಂದು ತೋರಿಸಿತು. ನಿಜವಾಗಿ ಅಳೆದ ಅಂಕಿಗಳಲ್ಲಿ ಅಷ್ಟಿಷ್ಟು ಏರುಪೇರು ಇದ್ದೇ ಇರುತ್ತದೆ. ಸೊನ್ನೆ ವ್ಯತ್ಯಾಸವನ್ನು ದೇವರು ತಂದು ತೋರಿಸಿದರೂ ಮೇಷ್ಟ್ರು ನಂಬುವವರಲ್ಲ.

ಬೇರೆ ದಾರಿಯಿರಲಿಲ್ಲ. ಮನೆಗೆ ಬಂದು ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಇಳಿಸಿ, ಥರ್ಮಾಮೀಟರ್ ಹಿಡಿದು ಕೂತೆ. "ಎಣ್ಣೆ ಆರೋದನ್ನ ಕಾಯೋಕೆ ಎಂ.ಫಿಲ್. ಬೇಕೇನ್ರೀ? ಬೋಂಡ ಕರಿದು ನಾನೂ ದಿನಾ ಕಾಯ್ತೀನಲ್ಲ" ಎಂದಳು ಹೆಂಡತಿ. ಅವಳು ಫ್ಯಾನ್ ಹಾಕಿದಾಗ ಒಂದು ಚುಕ್ಕಿ ಕುಸಿಯಿತು; ನಾನು ಆಕಳಿಸಿದಾಗ ಇನ್ನೊಂದು ತಪ್ಪಿತು. ಷಫಿಯ ಅಂಗಡಿಯಲ್ಲಿ ಆ ಅಂಕಿಗಳನ್ನು ಹಾಕಿದಾಗ ಮೂರನೆಯ ಸಾಫ್ಟ್‌ವೇರ್ ಎಲ್ಲವನ್ನೂ ಸಹಿಸಿಕೊಂಡು ನಡುವೆ ಒಂದು ಗೆರೆ ಎಳೆಯಿತು. ಚುಕ್ಕಿಗಳು ಎರಡೂ ಕಡೆ ಚೆಲ್ಲಾಪಿಲ್ಲಿ. ಅಷ್ಟು ಕುರೂಪಿ ಗ್ರಾಫನ್ನು ಜನ್ಮದಲ್ಲಿ ನಾನು ಯಾರಿಗೂ ತೋರಿಸಿರಲಿಲ್ಲ. ಆದದ್ದಾಗಲಿ ಎಂದು ಕುಣಿಗಲ್ ಬಸ್ಸು ಹತ್ತಿದೆ.

ಮೇಷ್ಟ್ರು ಬಹಳ ಹೊತ್ತು ನೋಡಿ ಸಹಿ ಹಾಕಿದರು. ನಾನು ಆರಿಸಿದ ಸಾಫ್ಟ್‌ವೇರಿನ ಗುಣಗಾನಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬೆನ್ನು ತಟ್ಟಿ ಹೇಳಿದರು: "ಬಿಎಸ್ಸಿಯಿಂದ ನಿನ್ನ ಗ್ರಾಫ್ ನೋಡ್ತಾ ಬಂದಿದೀನಿ ಕಣಯ್ಯಾ. ನೀನು ಪ್ರಯೋಗ ಮಾಡಿರೋದು ಇದೇ ಮೊದಲು."