ಅಪ್ಪನಿಗೆ ಮಾಡಿದ ಮಾತಿನ ಡಬ್ಬಿ

ಕೆಟ್ಟ ರೇಡಿಯೊ ನನ್ನ ಮುಖ ಕಂಡರೆ ತಾನಾಗಿಯೇ ಹಾಡುತ್ತದೆ ಎಂದು ಆಗ ನಾನು ಗಟ್ಟಿಯಾಗಿ ನಂಬಿದ್ದೆ. ಬ್ಯಾಡಗಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಮೊಬೈಲು ಊರಿಗೆ ಆಗಷ್ಟೇ ಕಾಲಿಟ್ಟಿತ್ತು. ಆ ವರ್ಷ ಗಂಟಲಿನ ಆಪರೇಷನ್ ಆಗಿ ಅಪ್ಪನ ದನಿ ಪೂರ್ತಿ ಹೋಯಿತು. ಅದೇ ಹೊತ್ತಿಗೆ ತಂಗಿ ಸುಮಾಳಿಗೆ ರಾಣೆಬೆನ್ನೂರಿನ ಸಂಬಂಧ ಕೂಡಿಬಂತು. ನಿಶ್ಚಯದ ದಿನ ಹಿರಿಯರ ಮುಂದೆ ಹೆಣ್ಣಿನ ತಂದೆ ತಾನೇ "ಕೊಟ್ಟೇವಿ" ಅನ್ನಬೇಕು. ಕಾಕಾ ಹೇಳಲಿ ಅಂದರೆ ಅಪ್ಪ ಒಪ್ಪಲಿಲ್ಲ. ಎದೆ ಮುಟ್ಟಿ ತೋರಿಸಿ ಕಣ್ಣು ತುಂಬಿಕೊಂಡ. ನನಗೂ ಸಂಕಟವಾಯಿತು.

"ಚಿಂತಿ ಬಿಡಪಾ, ನಾ ಅದೀನಲ್ಲಾ! ಮಾತಾಡೋ ಯಂತ್ರಾನ ಮಾಡಿಕೊಡತೇನಿ," ಎಂದೆ.

"ನನ್ನ ಮಿಕ್ಸರ್ ಬಿಚ್ಚಿಟ್ಟು ಎರಡು ದೀಪಾವಳಿ ಆತು. ಮೊದಲ ಅದನ್ನ ಮಾತಾಡಸ್ರಿ," ಎಂದಳು ಹೆಂಡತಿ ನಿರ್ಮಲಾ.

ಮಹಾಕಾರ್ಯಗಳಿಗೆ ಇಂಥ ವಿಘ್ನ ಸಹಜ! ಹಳೆಯ ಕ್ಯಾಲ್ಕುಲೇಟರಿನ ಗುಂಡಿ, ಗುಜರಿ ಟೇಪ್‌ರೆಕಾರ್ಡರಿನ ಸ್ಪೀಕರ್, ದನಿ ಹಿಡಿದಿಡುವ ಅಗ್ಗದ ಎಲೆಕ್ಟ್ರಾನಿಕ್ ಚಿಪ್ಪು, ಎಲ್ಲವನ್ನೂ ಸ್ಟೀಲಿನ ಊಟದ ಡಬ್ಬಿಯಲ್ಲಿ ಬೆಸೆದೆ. ಅಕ್ಷರಕ್ಕೆ ಅಕ್ಷರ ಜೋಡಿಸಿ ಸಕಲ ಮಾತನ್ನೂ ಆಡಿಸುವ ಘನ ಉದ್ದೇಶವಿತ್ತು. ಚಿಪ್ಪು ಸ್ವರಗಳಿಗೇ ಸುಸ್ತಾಯಿತು. ಕೊನೆಗೆ ಮೂರು ಗುಂಡಿಗೆ ಇಳಿದೆ: "ನಮ್ಮ ಸುಮಾನ", ವರನ ಹೆಸರು "ಬಸವರಾಜಗ", ಆಮೇಲೆ "ಕೊಟ್ಟೇವಿ". ನನ್ನ ದನಿ ತುಂಬಿದರೆ ಬಾವಿಗೆ ಬಿದ್ದ ಎಮ್ಮೆ ಕೂಗಿದಂತೆ ಕೇಳಿತು. ನಿರ್ಮಲಾಳ ದನಿ ಸ್ವಚ್ಛವಾಗಿತ್ತು. ಮಾತು ತುಂಬಲು ಅವಳಿಗೆ ಹೇಳಿ ಹೊಸ ಬ್ಯಾಟರಿ ತರಲು ಹೋದೆ. ಬರುವಷ್ಟರಲ್ಲಿ ಸುಮಾಳನ್ನೂ ಹತ್ತಿಸಿಕೊಂಡು ನಿಶ್ಚಯಕ್ಕೆ ಹೊರಟ ಟೆಂಪೊ ಹಾರ್ನ್ ಹೊಡೆಯುತ್ತಿತ್ತು.

"ಎಲ್ಲಾ ಹೇಳೀಯೇನ?"

"ಹೇಳೇನ್ರಿ. ಹೆಂಗ ಹೇಳಬೇಕೋ ಹಂಗ ಹೇಳೇನಿ."

ನಾನು ಮಾಡಿದ್ದನ್ನು ನಾನೇ ಪರೀಕ್ಷಿಸುವುದೆ? ಅವಮಾನ!

ರಾಣೆಬೆನ್ನೂರಿನ ಬೀಗರ ಪಡಸಾಲೆ ತುಂಬಿತ್ತು. ಅಪ್ಪ ಗಂಭೀರವಾಗಿ ಮೊದಲ ಗುಂಡಿ ಒತ್ತಿದ. "ನಮ್ಮ ಸುಮಾನ." ಸಭೆ ಬೆರಗಾಯಿತು. ನಾನು ಕಾಲರ್ ಸರಿಮಾಡಿಕೊಂಡೆ. ಎರಡನೆಯದನ್ನು ಒತ್ತಿದ.

"ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಚಂದ, ನಮ್ಮ ಬಸವರಾಜರು ಬಿಚ್ಚಿದ ರೇಡಿಯೊ ಜೋಡಸೂದಿಲ್ಲ ಮುಂದ!"

ನನ್ನ ಹೆಸರೂ ಬಸವರಾಜ! ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಹೇಳಲೇಬೇಕಾದರೆ ಹೀಗೆ ಪ್ರಾಸ ಕಟ್ಟಿ ಒಡಪು ಹಾಕುತ್ತಾರೆ. ಯಂತ್ರತಜ್ಞನಿಗೆ ಇದು ಹೊಳೆದಿರಲಿಲ್ಲ.

"ಅಯ್ಯ, ನಮ್ಮ ಹುಡುಗ ಬೀಜದ ಅಂಗಡ್ಯಾಂವ. ರೇಡಿಯೊ ಯಾವಾಗ ಬಿಚ್ಚಿದ್ನೋ?" ಎಂದಳು ವರನ ಅಜ್ಜಿ.

ಅಪ್ಪ ಗಾಬರಿಯಿಂದ ಮೂರನೆಯ ಗುಂಡಿ ಒತ್ತಿದ. "ಕೊರ್ರ್..." ಅಷ್ಟೇ! ಚಿಪ್ಪನ್ನೆಲ್ಲ ಒಡಪೇ ನುಂಗಿತ್ತು. "ಕೊಟ್ಟೇವಿ"ಗೆ ಜಾಗವೇ ಉಳಿದಿರಲಿಲ್ಲ. ಮತ್ತೆ ಒತ್ತಿದ. ಎರಡನೆಯ ಗುಂಡಿ ಸಿಕ್ಕಿಕೊಂಡು ಒಡಪು ಮತ್ತೆ ಶುರುವಾಯಿತು. ನಿಲ್ಲಿಸಲು ಓಡಿದೆ. ಬಂದ್ ಮಾಡುವ ಸ್ವಿಚ್ಚನ್ನೇ ನಾನು ಹಚ್ಚಿರಲಿಲ್ಲ!

ಅಪ್ಪನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾನೆಂದುಕೊಂಡೆ. ನೋಡಿದರೆ ನಗುತ್ತಿದ್ದ! ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು. ಆಪರೇಷನ್ ಆದ ಮೇಲೆ ಅವನು ನಕ್ಕಿದ್ದು ಅಂದೇ. ಆಮೇಲೆ ಕಣ್ಣೊರೆಸಿ, ಹೆಗಲ ಮೇಲಿನ ಟವೆಲ್ಲನ್ನು ಬೀಗರ ಕೈಮೇಲೆ ಹೊದಿಸಿ ಒಳಗೆ ಅವರ ಬೆರಳು ಒತ್ತಿ ಹಿಡಿದ. ಇಬ್ಬರೂ ಎತ್ತಿನ ಸಂತೆಯಲ್ಲಿ ಮುದುಕರಾದವರು. ಅಲ್ಲಿ ವ್ಯಾಪಾರವೆಲ್ಲ ಟವೆಲ್ಲಿನೊಳಗೆ ಬೆರಳು ಹಿಡಿದೇ ಕುದುರುವುದು, ಬಾಯಿಗೆ ಕೆಲಸವಿಲ್ಲ.

ಬೀಗರ ಮುಖ ಅರಳಿತು. "ಮುಟ್ಟಿತ್ರಿ! ಬೀಗರು ಖುದ್ದ ಕೊಟ್ರು, ನಾವು ತಗೊಂಡ್ವಿ!"

"ನಾ ಏನ ಎತ್ತೇನು?" ಒಳಗಿನಿಂದ ಸುಮಾ ಕೂಗಿದಳು. ಮನೆಯೆಲ್ಲ ನಕ್ಕಿತು.

ಇಷ್ಟಾದರೂ ಡಬ್ಬಿ ನನ್ನ ಮಾನ ಕಳೆಯುತ್ತಲೇ ಇತ್ತು. ಜಮಖಾನೆ ಸುತ್ತಿ ಅದರ ಮೇಲೆ ನಾನೇ ಕುಳಿತೆ. ಅಪ್ಪ ನನ್ನತ್ತ ತಿರುಗಿ ಬೆರಳುಗಳಿಂದ ತನ್ನ ತುಟಿ ಒತ್ತಿ ಹಿಡಿದ. ಆಮೇಲೆ ನನ್ನನ್ನೇ ತೋರಿಸಿದ.

"ಏನಂತ?" ಎಂದೆ.

"ಮುಂದಿನ ಸಲ ಬಾಯಿ ಮುಚ್ಚೋ ಯಂತ್ರಾ ಮಾಡಬೇಕಂತ," ಎಂದಳು ನಿರ್ಮಲಾ. "ಮೊದಲ ನಿಮಗ ಹಚ್ಚಿ ನೋಡಬೇಕಂತ!"