ಬಿಸಿಲಿಗೆ ಬಗ್ಗದ ದ್ರಾಕ್ಷಾರಿಷ್ಟ

ಭರಣಿಯೊಳಗೆ ಏನೋ ಸದ್ದಾಯಿತು. ಮುರುಗೇಶಪ್ಪ ಕಿವಿಗೊಟ್ಟು ಕೇಳಿದ. ಒಳಗೆ ಹಾವು ಕೂತಂತೆ ಬುಸುಬುಸು.

ಮುರುಗೇಶಪ್ಪ ಜಗಳೂರಿನ ಬೆನಕಪ್ಪ ಪಂಡಿತರ ಮನೆ ಅಳಿಯ. ಪಂಡಿತರ ಔಷಧಿ ಅಂಗಡಿಯಲ್ಲಿ ಕೆಮ್ಮಿಗೆ ಚೂರ್ಣವಿತ್ತು, ಮಂಡಿನೋವಿಗೆ ಎಣ್ಣೆಯಿತ್ತು. ಹೆಸರು ತಂದದ್ದು ಮಾತ್ರ ದ್ರಾಕ್ಷಾರಿಷ್ಟ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಹುದುಗು ಹಿಡಿಸುವ ಧಾತಕಿ ಹೂವು ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ ಕತ್ತಲೆ ಕೋಣೆಯಲ್ಲಿಟ್ಟರೆ ತಾನಾಗಿಯೇ ಹುದುಗಿ ಮದ್ದಾಗುತ್ತಿತ್ತು. "ಮಳೆ ಬರಲಿ, ಬಿಸಿಲು ಸುಡಲಿ, ನಮ್ಮ ಅರಿಷ್ಟದ ರುಚಿ ಒಂದೇ" ಎಂದು ಪಂಡಿತರು ಬೋರ್ಡಿನ ಮೇಲೆಯೇ ಬರೆಸಿದ್ದರು.

ಈ ಸಲ ಮೊದಲ ಬಾರಿಗೆ ಅರಿಷ್ಟ ಇಟ್ಟವನು ಅಳಿಯ. ಬೆಳಿಗ್ಗೆ ಹೊನ್ನಾಳಿಗೆ ಮದುವೆಗೆ ಹೊರಟ ಪಂಡಿತರು ಹೇಳಿದ್ದರು: "ಸಂಜೆಗೆ ಬರ್ತೀನಿ. ಬಿಳಿಚೋಡಿನ ದ್ಯಾಮಮ್ಮನೂ ಬರ್ತಾಳೆ. ಮೂವತ್ತು ವರ್ಷದ ಗಿರಾಕಿ. ಆಕಿ ಒಪ್ಪಿದ್ರೆ ಬೋರ್ಡಿನ ಮ್ಯಾಲೆ ನಿನ್ನ ಹೆಸರೂ ಬರೆಸ್ತೀನಿ. ಇಲ್ಲಾಂದ್ರೆ ಚೂರ್ಣ ಕುಟ್ಕೊಂಡಿರು." ಕುಟ್ಟಿ ಕುಟ್ಟಿ ಮುರುಗೇಶಪ್ಪನ ಅಂಗೈ ಜಡ್ಡುಗಟ್ಟಿತ್ತು. ಬೋರ್ಡಿನ ಮೇಲೆ ಹೆಸರು ಬರಬೇಕೆಂಬುದು ಅವನ ಜೀವದ ಆಸೆ.

ಆದರೆ ಅದು ಎಂಬತ್ಮೂರನೇ ಇಸವಿಯ ಉರಿಬೇಸಿಗೆ. ಮಧ್ಯಾಹ್ನ ಕೊಡದ ನೀರು ಮೈಗೆ ಹೊಯ್ದುಕೊಂಡರೂ ಸುಡುತ್ತಿತ್ತು. ಭರಣಿ ಬಿಚ್ಚಿ ಒಂದು ಚಮಚ ಬಾಯಿಗೆ ಹಾಕಿಕೊಂಡರೆ ಗಂಟಲಿನಿಂದ ಕಿವಿಯವರೆಗೂ ಬಿಸಿ ಏರಿತು. ಸಿಹಿಯ ಸುಳಿವೇ ಇಲ್ಲ.

ಪಕ್ಕದ ಸೋಡಾ ಅಂಗಡಿಯ ಓಬಳಪ್ಪ ವಾಸನೆ ಹಿಡಿದು ಬಂದ. "ಏನಾತ್ರಿ ಅಳಿಯಂದ್ರೇ? ನನಗೊಂದು ಚಮಚ ಹಾಕ್ರಿ, ಪರೀಕ್ಷೆ ಮಾಡಾನ."

ಮೂರನೆಯ ಚಮಚಕ್ಕೆ ಓಬಳಪ್ಪ ತನ್ನ ಅತ್ತೆಯನ್ನು ಹೊಗಳತೊಡಗಿದ. ಆ ಅತ್ತೆಯೊಡನೆ ಅವನು ಮಾತುಬಿಟ್ಟು ವರ್ಷಗಳಾಗಿದ್ದವು. ಎದುರುಮನೆಯ ಕೊಟ್ರಮ್ಮ ಹೆಂಡದಂಗಡಿಯಿರುವ ಬೀದಿಯನ್ನೇ ತುಳಿಯದ ಮಡಿವಂತೆ. ಔಷಧಿ ತಾನೇ ಎಂದು ಎರಡು ಚಮಚ ಕುಡಿದು, ಗೋಡೆಗೊರಗಿ, "ಎಷ್ಟು ಚೆಂದ ತಣ್ಣನೆ ಗಾಳಿ ಬೀಸ್ತೈತೆ" ಎಂದಳು. ಹೊರಗೆ ಬೇವಿನ ಎಲೆಯೂ ಅಲುಗುತ್ತಿರಲಿಲ್ಲ.

"ಕೆಟ್ಟೆ! ಬಿಸಿಲಿಗೆ ಬೆಲ್ಲ ಎಲ್ಲಾ ಹುದುಗಿ ಅಮಲಾಗೈತೆ" ಎಂದು ಮುರುಗೇಶಪ್ಪ ತಲೆ ಚಚ್ಚಿಕೊಂಡ. ಇಷ್ಟು ಬೇಸಿಗೆ ಕಂಡ ಮಾವ ಒಂದೇ ರುಚಿಯನ್ನು ಹೇಗೆ ಕಾಪಾಡಿಕೊಂಡು ಬಂದರು? ಈ ಕೌತುಕ ಅವನ ತಲೆಯನ್ನು ಕೊರೆಯಿತು.

ದಾರಿ ತೋರಿಸಿದವಳು ಹೆಂಡತಿ ಪ್ರೇಮಮ್ಮ. "ದೋಸೆ ಹಿಟ್ಟು ಹುಳಿಯಾದ್ರೆ ಹೊಸ ಹಿಟ್ಟು ಬೆರೆಸಲ್ವೇನ್ರಿ? ಹಂಗೇ ಮಾಡ್ರಿ."

ಹೋದ ವರ್ಷ ಥಂಡಿಯಲ್ಲಿ ಆದ ಅರಿಷ್ಟದ ಬಾಟಲಿಗಳು ಕಪಾಟಿನಲ್ಲಿದ್ದವು. ಭರಣಿಗೆ ಒದ್ದೆ ಗೋಣಿ ಸುತ್ತಿ, ಹಳೆಯ ಅರಿಷ್ಟ ಸುರಿದು, ದ್ರಾಕ್ಷಿಯ ಹೊಸ ಕಷಾಯ ಬೆರೆಸಿ, ಹಳೆಯದೊಂದು ಚಮಚ ಹೊಸದೊಂದು ಚಮಚ ರುಚಿ ನೋಡುತ್ತಾ ಹೋದ. "ಹಾಳು ಮಾಡಬ್ಯಾಡ್ರಿ, ಕೈ ಮುಗಿತೀನಿ" ಎಂದು ಓಬಳಪ್ಪ ಭರಣಿಯನ್ನು ತಬ್ಬಿಕೊಂಡ. ಅವನನ್ನು ಹೊರಗೆ ದಬ್ಬಬೇಕಾಯಿತು. ಇಳಿಹೊತ್ತಿಗೆ ಮುರುಗೇಶಪ್ಪನೇ ಕಬ್ಬಿಣದ ಕುಟ್ಟಾಣಿಗೆ "ಬರ್ರಿ ಮಾವ, ಕುಂದ್ರಿ" ಎಂದುಬಿಟ್ಟ. ಕೊನೆಗೆ ಪ್ರೇಮಮ್ಮನೇ ರುಚಿ ನೋಡಿ, "ಈಗ ಸರಿಹೋತು, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಎಂದಳು.

ಸಂಜೆ ಪಂಡಿತರು ಬಂದರು. ದ್ಯಾಮಮ್ಮನ ಹಿಂದೆ ಬಿಳಿಚೋಡಿನ ಹಿರಿಯರೆಲ್ಲ ಖಾಲಿ ಬಾಟಲಿ ಹಿಡಿದು ಬಂದಿದ್ದರು. ದ್ಯಾಮಮ್ಮ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಹೋದ ವರ್ಷದ್ದೇ ರುಚಿ" ಎಂದಳು.

"ಹೌದಮ್ಮ! ಒಂದಿಷ್ಟೂ ಬದಲಾಗಿಲ್ಲ!" ಮುರುಗೇಶಪ್ಪ ಕುಣಿಯುವುದೊಂದು ಬಾಕಿ.

"ಅಯ್ಯೋ ನಿನ್ನ! ಹೋದ ವರ್ಷ ಸಪ್ಪೆ ಕುಡಿದು ಸಾಕಾಗಿತ್ತು. ಈ ಸಲ ಕೆಂಡದಂಥ ಬಿಸಿಲು, ಅರಿಷ್ಟ ಜೋರಾಗಿರತೈತೆ ಅಂತ ಇಡೀ ಊರೇ ಕಾಯ್ತಿತ್ತಲ್ಲಪ್ಪ!" ದ್ಯಾಮಮ್ಮನಿಗೆ ಅಳುವೇ ಬಂದಂತಿತ್ತು. ಹಿರಿಯರು ಖಾಲಿ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡರು.

ಮುರುಗೇಶಪ್ಪ ಕಕ್ಕಾಬಿಕ್ಕಿಯಾದ. "ಮಾವ, ರುಚಿ ಒಂದೇ ಅಂತ ಬೋರ್ಡಿನಾಗೆ..."

ಪಂಡಿತರು ಅವನನ್ನು ಮೂಲೆಗೆಳೆದರು. "ಮಬ್ಬೇ, ಹೆಂಡ ಅಂದ್ರೆ ಮೂಗು ಮುಚ್ಚೋ ಜನ ಅವರು. ಬ್ಯಾಸಿಗ್ಯಾಗೆ ಅಮಲು ಏರತೈತೆ ಅಂತ ಬರೆಸಿದ್ರೆ ಯಾರು ಕುಡೀತಾರೆ? ಒಂದೇ ರುಚಿ ಅಂತ ಇದ್ರೆ ಔಷಧಿ, ಧೈರ್ಯವಾಗಿ ಕುಡೀತಾರೆ. ನಾನು ಯಾವತ್ತೂ ಏನೂ ಕಾಪಾಡಾಕೆ ಹೋಗಿಲ್ಲ, ಎಲ್ಲಾ ಬಿಸಿಲೇ ಮಾಡ್ತಿತ್ತು. ಆ ಬಿಸಿಲಿಗೆ ಆದದ್ದು ತಳದಾಗೆ ಒಂಚೂರಾದ್ರೂ ಉಳಿದೈತಾ?"

"ಎಲ್ಲಾ ಬೆರೆಸಿಬಿಟ್ಟೆ ಮಾವ."

ಆ ಮಾತು ಎಲ್ಲರ ಕಿವಿಗೂ ಬಿತ್ತು. ದ್ಯಾಮಮ್ಮ ಸರಿದು ಹತ್ತಿರ ಕೂತಳು. "ಬೆರೆಸೋಕೆ ಮುಂಚೆ ಕುಡಿದು ನೋಡಿದ್ದೀಯಲ್ಲಪ್ಪ, ಹೆಂಗಿತ್ತು? ಅದನ್ನಾದ್ರೂ ಹೇಳು."

ಹಿರಿಯರೆಲ್ಲ ಸುತ್ತ ನೆರೆದರು. ಮುರುಗೇಶಪ್ಪ ಬಾಯಿ ತೆರೆದ. ಇಡೀ ದಿನ ಬೆರೆಸಿ ಬೆರೆಸಿ ಕುಡಿದ ನಾಲಿಗೆಗೆ ಆ ರುಚಿ ಒಂದಿನಿತೂ ನೆನಪಾಗಲಿಲ್ಲ.

"ಆತು ಬಿಡು" ಎಂದರು ಪಂಡಿತರು. "ನಾಳೆಯಿಂದ ಚೂರ್ಣ ಕುಟ್ತಾ ಕುಟ್ತಾ ನೆನಪು ಮಾಡ್ಕೋ."